ಅಕ್ಕಿ ಖೋಲಿ

ಬಾಗಲಮ್ಯಾಲ ಇಂಗ್ಲೀಷಿನ್ಯಾಗ ಏನೇನೋ ಬರದಾರ,
ಕೆಳಗ ಕಂಪನಿ ಹೆಸರು, ಮಗ್ಗಲಕ ಒಂದು ನಗೂ ಸೂರ್ಯ.
ನಮ್ಮ ಹುಡುಗ್ರು ಇನ್ನೂ ಅಕ್ಕಿ ಖೋಲಿ ಅಂತಾವ.
ತಿಂಗಳಿಗೆ ಮೂರು ಕಿಲೋ ಹಂಚತಿದ್ದ ಕಾಲದ ಹೆಸರು;
ಆ ಅಕ್ಕಿ ತಿಂದವರ ಮಕ್ಕಳು ಇವು.

ಕೀಲಿ ನನ್ನ ಸೆರಗಿನ ಗಂಟಿನ್ಯಾಗ.
ವಾಸ್ಕೋದ ಈ ಕನ್ನಡ ಸಾಲಿ ಕಸಾ ಹೊಡಿಯಾಕ ಹತ್ತಿ
ಹನ್ನೊಂದು ವರ್ಷ ಆತು.
ಮುಂಜಾನೆ ಕಿಟಕಿ ಒರಸತೀನಿ, ಮಧ್ಯಾಹ್ನಕ ಮತ್ತ ಕರಿ.
ಬಂದರದ ಕಡೆಯಿಂದ ಗಾಳಿ ಬಿಟ್ಟರ ಮುಗೀತು,
ಸುಣ್ಣದ ಗ್ವಾಡಿ, ಹುಡುಗ್ಯಾರ ರಿಬ್ಬನ್ನು, ಕುಡಿಯೂ ನೀರಿನ ಮುಚ್ಚಳ
ಎಲ್ಲಾದಕ್ಕೂ ಕಾಡಿಗಿ.
ಆ ಕಲ್ಲಿದ್ದಲ ಕಂಪನೀದು. ಈ ಖೋಲೀನೂ ಕಂಪನೀದು.
ನಾ ಏನೂ ಅಂದಿಲ್ಲ. ಖೋಲಿ ತಂಪೈತಿ,
ಊಟದ ಹೊತ್ತಿನ್ಯಾಗ ನಾನೂ ಅಲ್ಲೇ ರೊಟ್ಟಿ ಗಂಟು ಬಿಚ್ಚತೀನಿ.

ಶನಿವಾರಕ್ಕೊಮ್ಮೆ ಕಂಪನಿಯಿಂದ ಒಬ್ಬಾಕಿ ಬರತಿದ್ಲು, ಸಿದ್ಧಿ ಅಂತ.
ಕನ್ನಡ ಬರಂಗಿಲ್ಲ; ಹುಡುಗ್ರಿಗೆ ಕೊಂಕಣಿ ಬರತೈತಿ, ನಡೀತು.
ಚೊಲೋ ಹುಡುಗಿ. ನೆಲದಮ್ಯಾಲ ಕುಂತು ತಂತಿ ಜೋಡಸೂದು ಕಲಿಸಿದ್ಲು.
ಬೆಂಕಿಪೊಟ್ಟಣದಷ್ಟು ಪೆಟಗಿ; ಅದರ ಮೂಗಿಗೆ ಗಾಳಿ ಹೋದರ
ಧೂಳು ಎಷ್ಟೈತಿ ಅಂತ ಅಂಕಿ ತೋರಸತೈತಿ.
ಲಮಾಣ್ಯಾರ ಸೋನಿ, ಏಳನೇತ್ತೇದಾಕಿ, ಅದನ್ನ ಕಿಟಕ್ಯಾಗ ಇಟ್ಲು.
ಅಂಕಿ ಏರಿತು. ಏರಿತು. ಕೆಂಪಾತು.
ದಿನಾ ಗೆರಿ ಹೊಡದು ಹೊಡದು ಚಾರ್ಟ್ ಮಾಡಿದ್ಲು,
ಹಡಗ ಬಂದ ದಿನಕ್ಕ ಬ್ಯಾರೆ ಬಣ್ಣ.

ದೊಡ್ಡ ಸಾಹೇಬ್ರು ನೋಡಾಕ ಬಂದ್ರು, ಕೂಡ ಫೋಟೋದವ.
ಹಡಪದ ಸರ್ ಬೆವರು ಒರಸಿಕೋತ ರೋಬೋಟಿನ ಕಡೆ ಕೈ ಮಾಡಿದ್ರು.
ಸಾಹೇಬ್ರು ಚಾರ್ಟಿನ ಮುಂದ ನಿಂತ್ರು.
ಸಿದ್ಧಿ ತನ್ನ ಕೊಳ್ಳಾಗಿನ ಕಾರ್ಡು ಹಿಡಕೊಂಡ್ಲು.
'ಮಷೀನು ಸ್ವಲ್ಪ ಕೆಟ್ಟಿರಬೇಕು' ಅಂದ್ರು ಸಾಹೇಬ್ರು,
ನಕ್ಕೋತ, ಬೈಲಿಲ್ಲ.
ಸೋನಿ ಅಂದ್ಲು: 'ಕೆಟ್ಟಿಲ್ರೀ. ಬೇಕಾದ್ರ ತಂಗೆವ್ವಾಯಿನ್ನ ಕೇಳ್ರಿ,
ಆಕಿ ದಿನಾ ಒರಸತಾಳ.'

ಎಲ್ಲಾರೂ ನನ್ನ ಕಡೆ ತಿರುಗಿದ್ರು.
ಹನ್ನೊಂದು ವರ್ಷದಾಗ ಸಾಲ್ಯಾಗ ನನಗ ಬಂದ ಮೊದಲನೇ ಪ್ರಶ್ನೆ.
ಕೈಯಾಗ ಒರಸೂ ಅರಬಿ ಇತ್ತು. ಬೆನ್ನ ಹಿಂದ ಮುಚ್ಚಿಕೊಂಡೆ.
ಯಾಕ ಮುಚ್ಚಿಕೊಂಡೆ, ಇನ್ನೂ ತಿಳದಿಲ್ಲ.

ಪೆಟಗಿ ರಿಪೇರಿಗೆ ಹೋಗೈತಿ. ಸಿದ್ಧಿ ಬರಂಗಿಲ್ಲ ಈಗ,
ಆಕಿ ಜಾಗಾಕ ಬಂದಾಕಿ ಕಾಗದದ ಹೂವು ಮಾಡಸತಾಳ.
ಅವೂ ಚಂದ ಅದಾವ.

ಮೂರು ದಿನದಿಂದ
ನಡುವಿನ ಒಂದು ಗಾಜು ಒರಸೂದು ಬಿಟ್ಟೇನಿ.
ಸರ್ ಕೇಳಿದ್ರ 'ಕಣ್ಣು ಮಂಜರೀ, ಕಾಣಲಿಲ್ಲ' ಅನ್ನಾಕಿ.
ಸಾಲಿ ಬಿಡೂ ಹೊತ್ತಿಗೆ ಸೋನಿ ಬಂದು
ಅದರಮ್ಯಾಲ ಬೆರಳಲೆ ತಾರೀಖು ಬರೀತಾಳ.
ಇವತ್ತಿಂದು ಬೆಳ್ಳಗ ಕಾಣತೈತಿ.
ನಿನ್ನೀದು ಅರ್ಧಾ ತುಂಬೈತಿ.
ಮೊನ್ನೀದು ಓದಾಕ ಬರಂಗಿಲ್ಲ.