ಎರಡೂವರೆ ಸುತ್ತು

ಹನ್ನೆರಡು ಪೌಂಡಿನದು, ಐವತ್ತೆಂಟು ಪೌಂಡಿನದು
ಗಾಜಿನ ಕಪಾಟಿನಲ್ಲಿ ಅಕ್ಕಪಕ್ಕ ಕೂತಿವೆ.
ಎರಡರೊಳಗೂ ಹತ್ತಿ, ತಂತಿಸುರುಳಿ, ಸಿಹಿವಾಸನೆಯ ರಸ.
ಎರಡರ ಆವಿಯೂ ಪೋರ್ಟ್ ಟಾಲ್ಬಟ್‌ನ ಗಾಳಿಗೆ ಸಿಕ್ಕರೆ
ಹೋಗುವುದು ಕಡಲ ಕಡೆಗೇ.

ಹಾಗಾದರೆ ಯಾಕೆ, ಎಂದು ಕೇಳುವವರಿಗೆ
ಮಾಲೀಕ ಕಲಿಸಿದ ಉತ್ತರ ನನ್ನಲ್ಲಿದೆ:
ರುಚಿ, ಬಾಳಿಕೆ, ಸೋರುವುದಿಲ್ಲ.
ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸುತ್ತೇನೆ.
ಜನ ಮಾತ್ರ ತಮ್ಮ ಕಾರಣವನ್ನು
ಮನೆಯಿಂದಲೇ ಕಟ್ಟಿಕೊಂಡು ಬಂದಿರುತ್ತಾರೆ.

ರಾತ್ರಿ ಪಾಳಿಯ ನರ್ಸ್ ಬ್ರಾನ್ವೆನ್
ಜೇಬು ಹೊರಗೆಳೆದು ತೋರಿಸಿದಳು:
ತಿಳಿನೀಲಿ ಬಟ್ಟೆಗೆ ಅಂಗೈಯಗಲ ಜಿಡ್ಡು.
"ವಾರ್ಡಿನ ಮುದುಕರು ಕೇಳ್ತಾರೆ, ಕಸ್ಟರ್ಡ್ ತಂದಿದ್ದು ಯಾರು ಅಂತ."
ಕೊಂಡು ಎಸೆದ ನಾಲ್ಕು ಅಗ್ಗದವನ್ನು ಬೆರಳಲ್ಲಿ ಎಣಿಸಿ
ಐದನೆಯ ಬೆರಳನ್ನು ದುಬಾರಿಯದರ ಮೇಲಿಟ್ಟಳು.
ಓಶಿಯನ್‌ಗೆ ಅದು ಮೊದಲ ಸಂಬಳ.
ಹೊಳೆಯುವ ಉಕ್ಕಿನಲ್ಲಿ ಮುಖ ನೋಡಿಕೊಂಡು
ಇನ್ನೂ ನೆಟ್ಟಗೆ ಬಾರದ ಗಡ್ಡ ಸವರಿದ.
ಅದೂ ಕಾರಣವೇ.

ಎಮ್ಲಿನ್ ಬಂದದ್ದು ಮಂಗಳವಾರ.
ಮೂವತ್ತೊಂದು ವರ್ಷ ಲೇತ್ ಮುಂದೆ ನಿಂತ ಮನುಷ್ಯ.
ಬೆಲೆ ಕೇಳಲಿಲ್ಲ. ಕನ್ನಡಕ ಹಣೆಗೇರಿಸಿ
ಅಗ್ಗದ್ದನ್ನು ಬಿಚ್ಚಿದ, ಹೆಬ್ಬೆರಳ ಉಗುರಿನಿಂದ
ತಿರುಪಿನ ಗೆರೆ ಕೆರೆದ,
ಅಕ್ಕಿಯಲ್ಲಿ ಕಲ್ಲು ಕಡಿದವನಂತೆ ಮುಖ ಕಿವಿಚಿದ.
"ಊಟದ ಗಂಟೆ ಕಾಯುತ್ತ ಯಾರೋ ಕೊರೆದದ್ದು."
ಇನ್ನೊಂದನ್ನು ತಿರುಗಿಸಿದ.
ಒಂದು ಸುತ್ತು, ಎರಡು, ಎರಡೂವರೆ,
ಕೂತಿತು.
ಸದ್ದು ಅಂದರೆ ಅಂಥ ಸದ್ದೂ ಅಲ್ಲ;
ಮಗು ಮಲಗಿದ ಕೋಣೆಯ ಬಾಗಿಲನ್ನು
ಯಾರೋ ತುದಿಗಾಲಲ್ಲಿ ಬಂದು ಮುಚ್ಚಿದ ಹಾಗೆ.

"ಎಲ್ಲಿಯದು?"
ಪೆಟ್ಟಿಗೆ ಮಗುಚಿ ಓದಿದೆ. ಎರಡೂ ಶೆಂಝೆನ್.
ಒಂದಿಷ್ಟು ಹೊತ್ತು ಸುಮ್ಮನಿದ್ದ. ಕಿಟಕಿಯಾಚೆ
ತಣ್ಣಗಾದ ಕುಲುಮೆಯ ಗೋಪುರ, ತುದಿಯಲ್ಲೊಂದು ಕಡಲಹಕ್ಕಿ.
"ಹಾಗಾದರೆ ಅಲ್ಲಿ ಒಬ್ಬನಿಗಾದರೂ ಇನ್ನೂ
ಎರಡು ಸಲ ಅಳೆಯುವಷ್ಟು ಪುರುಸೊತ್ತು ಕೊಡ್ತಾರೆ."
ನೋಟುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟ,
ಕೂಲಿ ಎಣಿಸಿ ಕೊಡುವವನಂತೆ.
ಚಿಲ್ಲರೆ ಬಿಟ್ಟೇ ಹೋದ.

ನನ್ನದು? ಹನ್ನೆರಡು ಪೌಂಡಿನದೇ.
ಬಾಡಿಗೆ ಕಳೆದು ಉಳಿಯುವುದಕ್ಕೆ ಎಟಕುವುದು ಅದೇ.
ಟಿಶ್ಯೂ ಸುತ್ತಿ, ತುಂಬಿದ ಸಾರಿನ ಬಟ್ಟಲಿನಂತೆ
ನೆಟ್ಟಗೆ ಹಿಡಿದು ಬಸ್ಸು ಹತ್ತುತ್ತೇನೆ.
ಬಾಗಿದರೆ ಸೋರುತ್ತದೆ. ಬಾಗದಿದ್ದರೂ ಒಮ್ಮೊಮ್ಮೆ.

ಆದರೂ ಆರಕ್ಕೆ ಷಟರ್ ಎಳೆಯುವ ಮುನ್ನ
ಕಪಾಟಿನ ಐವತ್ತೆಂಟನ್ನು ತೆಗೆದು
ಬಿಚ್ಚಿ, ಮತ್ತೆ ತಿರುಗಿಸುತ್ತೇನೆ.
ರಸವಿಲ್ಲ, ಆವಿಯಿಲ್ಲ.
ಕಿವಿಯ ಹತ್ತಿರ ಹಿಡಿದು,
ಮೆಲ್ಲಗೆ.