ಸವಕಳಿ

ನೋಟಿಸ್ ಬೋರ್ಡಿನ ಮುಂದೆ ನಾನು ತಡವಾಗಿ ತಲುಪಿದೆ.
ಕುಕನೂರಿನ ಬಸ್ಸು ಅಂದು ಭಾನಾಪುರದ ಹತ್ತಿರ
ಗಾಲಿ ಬದಲಿಸಿಕೊಂಡಿತ್ತು.
ಬ್ಯಾಂಕು ಮುಗಿದಿತ್ತು, ತೆರಿಗೆ ವಕೀಲರ ಕಚೇರಿ ಮುಗಿದಿತ್ತು,
ಗಿಣಗೇರಿಯ ಕಬ್ಬಿಣದ ಕಾರ್ಖಾನೆಯ ಐದೂ ಸೀಟು
ಬೈಕಿದ್ದವರ ಪಾಲಾಗಿದ್ದವು.
ಇಂಟರ್ನ್‌ಶಿಪ್ ಪಟ್ಟಿಯಲ್ಲಿ ಉಳಿದದ್ದು ಕೊನೆಯ ಸಾಲು:
ಭಾಗ್ಯನಗರ, ಕೂದಲು ಗೋದಾಮು, ಒಬ್ಬರು.

ಅರ್ಜಿಯಲ್ಲಿ 'ರಫ್ತು ಘಟಕ' ಎಂದು ಬರೆದೆ.
ಮನೆಯಲ್ಲೂ ಹಾಗೇ ಹೇಳಿದೆ.
ಏನು ರಫ್ತು, ಅವ್ವ ಕೇಳಿದಳು.
ಕಚ್ಚಾ ಮಾಲು, ಅಂದೆ.
ಬಿ.ಕಾಂ.ನಲ್ಲಿ ಅಲ್ಲಿಯವರೆಗೆ ಕಲಿತದ್ದು ಅಷ್ಟೇ,
ಒಂದರ ಹೆಸರನ್ನು ಇನ್ನೊಂದರ ಖಾತೆಗೆ ಬರೆಯುವುದು.

ಮೊದಲ ದಿನ ಮುನೀಮರು ಪುಸ್ತಕ ಕೊಟ್ಟರು.
ಮೂಗಿಗೆ ಕಟ್ಟಿಕೊಳ್ಳಲು ಅರಿವೆ ಕೊಟ್ಟದ್ದು ಖಾಜಾಬಿ.
ಗೋಣಿಚೀಲದ ಬಾಯಿ ಬಿಚ್ಚಿದರೆ
ಊರೂರಿನ ಹೆಣ್ಣುಮಕ್ಕಳ ಬೆಳಗು:
ಬಾಚಣಿಗೆಯಿಂದ ಎಳೆದು, ಬೆರಳಿಗೆ ಸುತ್ತಿ,
ಥೂ ಎಂದು ಜಂತಿಯ ಸಂದಿಗೆ ಸಿಕ್ಕಿಸಿದ ಉಂಡೆಗಳು.
ನಡುವೆ ಬಾಡಿದ ಮಲ್ಲಿಗೆಯ ದಾರ, ರಬ್ಬರು,
ಒಂದು ಸಲ ಮೂಗುಬಟ್ಟು. ಹಿತ್ತಾಳೆಯದು.

ಖಾಜಾಬಿ ಸ್ಕೇಲು ಮುಟ್ಟುವುದಿಲ್ಲ.
ಮೊಣಕಾಲ ಮೇಲೆ ಎಳೆ ಇಟ್ಟು ಹೆಬ್ಬೆರಳು ಆಡಿಸಿ
ಎಂಟು, ಹದಿನಾಲ್ಕು, ಇಪ್ಪತ್ತು ಎನ್ನುತ್ತಾಳೆ.
ಟೇಪು ಹಿಡಿದು ಪರೀಕ್ಷಿಸಿದೆ ಮೂರು ದಿನ.
ತಪ್ಪಿದ್ದು ಟೇಪು.
ತುದಿಯ ತಗಡು ಸವೆದು ಕಾಲಿಂಚು ಮಾಯ.

ಹತ್ತನೇ ದಿನ ಲೆಕ್ಕ ತಾಳೆಯಾಗಲಿಲ್ಲ.
ಒಳಗೆ ಬಂದದ್ದು ನಲವತ್ತು ಕಿಲೋ,
ಹೊರಗೆ ಹೋದದ್ದು ಇಪ್ಪತ್ತೊಂಬತ್ತು.
ಉಳಿದದ್ದು?
ಮುನೀಮರು ತಲೆ ಎತ್ತಲಿಲ್ಲ: 'ಸವಕಳಿ ಅಂತ ಬರಿ.'

ಸವಕಳಿಗೆ ನಮ್ಮ ಪುಸ್ತಕದಲ್ಲಿ ಎರಡು ವಿಧಾನ, ಹತ್ತು ಅಂಕ.
ಯಂತ್ರ, ಪೀಠೋಪಕರಣ, ಕಟ್ಟಡ.
ಖಾಜಾಬಿಯ ತೋರುಬೆರಳಿನ ಉಗುರು
ಯಾವ ಪಟ್ಟಿಯಲ್ಲೂ ಇರಲಿಲ್ಲ.
ಆಕೆಗೆ ಕೂಲಿ, ಹೊರಗೆ ಹೋದ ಕಿಲೋಗೆ.
ಬಿಡಿಸಿದ ಕಿಲೋಗಲ್ಲ.
ಅದನ್ನು ಬರೆದುಕೊಂಡೆ. ವರದಿಯಲ್ಲಲ್ಲ,
ಬಸ್ ಪಾಸಿನ ಹಿಂದೆ.

ಕಾಲೇಜಿನ ವಾಣಿಜ್ಯ ವೇದಿಕೆಗೆ ನಾನು ಕಾರ್ಯದರ್ಶಿ,
ಬೇರೆ ಯಾರೂ ನಿಲ್ಲದ್ದರಿಂದ.
ಕೆಲಸ: ಹಾರ ತರುವುದು, ಮೈಕಿಗೆ ಹಲೋ ಹಲೋ ಅನ್ನುವುದು,
ಹುಬ್ಬಳ್ಳಿಯಿಂದ ಬರುವ ಅತಿಥಿಗೆ ನೀರಿನ ಬಾಟಲಿ.
ಆ ಸಲ ಅತಿಥಿ ಬರಲಿಲ್ಲ. ರೈಲು ಅಂದರು, ಜ್ವರ ಅಂದರು.
ಹಾರ ಬಂದಾಗಿತ್ತು.
ನಾನು ಆಟೋ ಹಿಡಿದು ಹಳಿಯಾಚೆ ಭಾಗ್ಯನಗರಕ್ಕೆ ಹೋದೆ.

ವೇದಿಕೆಯ ಕುರ್ಚಿಯ ಅಂಚಿನಲ್ಲಿ ಖಾಜಾಬಿ ಕೂತಳು,
ಸಂತೆ ದಿನ ಟಂಟಂನಲ್ಲಿ ಕೂತಂತೆ.
ಮೈಕು ಕೊಟ್ಟರೆ ಬದಿಗಿಟ್ಟಳು.
ಹಿಂದಿನ ಬೆಂಚು ಕಿಸಿಕಿಸಿ.
'ನೀ ಬಾರವ್ವ ಇಲ್ಲೆ' ಎಂದು
ಮುಂದಿನ ಸಾಲಿನ ಭುವನೇಶ್ವರಿಯನ್ನು ಕರೆದು
ಜಡೆಯನ್ನು ಅಂಗೈಯಲ್ಲಿ ಒಮ್ಮೆ ತೂಗಿ
'ಇಪ್ಪತ್ತೆರಡಿಂಚು. ನಡುವ ತೆಳ್ಳಗಾಗೇತಿ.
ಹೋದ ವರ್ಷ ಟೈಫಾಯ್ಡ್ ಆಗಿತ್ತೇನು?'
ಹೌದೆಂದಳು ಭುವನೇಶ್ವರಿ.
ಹಿಂದಿನ ಬೆಂಚು ಸುಮ್ಮನಾಯಿತು.

ಆಮೇಲೆ ಪ್ರಶ್ನೆಗಳು: ಯಾವ ದೇಶಕ್ಕೆ, ಕಿಲೋ ಎಷ್ಟು, ನಿಮಗೆಷ್ಟು.
ಮೂರನೆಯದಕ್ಕೆ ಆಕೆ ನನ್ನ ಕಡೆ ನೋಡಿದಳು.
ಬಸ್ ಪಾಸು ತಿರುಗಿಸಿ ಓದಿದೆ.
ನನ್ನ ಮೊದಲ ಭಾಷಣ. ಎರಡು ಸಾಲು, ಎರಡರಲ್ಲೂ ಅಂಕಿ.

ಪ್ರಿನ್ಸಿಪಾಲರು ಗಡಿಬಿಡಿಯಲ್ಲಿ ಶಾಲು ಹೊದಿಸಿದರು.
ಮುನೀಮರು ಮರುದಿನ ಮಾತಾಡಲಿಲ್ಲ.
ಪ್ರಮಾಣಪತ್ರ ಎಂಟು ದಿನ ತಡವಾಗಿ ಬಂತು,
ಹುಲಿಗೆಮ್ಮ ಅದರಲ್ಲಿ ಹುಲಿಮ್ಮ ಆಗಿದ್ದೆ.
ಅದನ್ನೂ ಸವಕಳಿಗೆ ಹಾಕಿದೆ.
ಕೂಲಿ ಬದಲಾಗಿಲ್ಲ.
ಟೇಪು ಬದಲಾಗಿದೆ.

ಈಗ ಪಾತ್ರೆಯವನು ಓಣಿಗೆ ಬಂದು ಕೂಗಿದರೆ
ಅವ್ವ ಜಂತಿಯ ಸಂದಿಗೆ ಕೈ ಹಾಕುವ ಮೊದಲು ನನ್ನ ಕರೆಯುತ್ತಾಳೆ.
ಉಂಡೆ ಬಿಡಿಸಿ ಮೊಣಕಾಲ ಮೇಲಿಟ್ಟು
ಹದಿನಾರು, ಎನ್ನುತ್ತೇನೆ.
ಹನ್ನೆರಡು, ಎನ್ನುತ್ತಾನೆ ಆತ.
ಅವ್ವ ಇಬ್ಬರನ್ನೂ ನೋಡುತ್ತಾಳೆ.

ಮೂರು ವರ್ಷದ ಓದಿನ ಇದುವರೆಗಿನ ನಿವ್ವಳ ಲಾಭ:
ಲೋಟದ ಬದಲು
ಮುಚ್ಚಳವಿರುವ ಡಬ್ಬಿ.