ದೂರು ಪುಸ್ತಕ

ಪಿ.ಬಿ. ರಸ್ತೆಯ ಶೋರೂಮಿನಲ್ಲಿ ನನ್ನ ಕೆಲಸ
ದೂರು ಬರೆದುಕೊಳ್ಳುವುದು.
ಇಪ್ಪತ್ತಾರು ವರ್ಷ, ಹದಿನೇಳು ಪುಸ್ತಕ, ನಡುವೆ ಕಾರ್ಬನ್ ಹಾಳೆ.
ಮೇಲಿನದು ಕಂಪನಿಗೆ,
ಮಸುಕಾದ ನೀಲಿ ನಕಲು ನನಗೆ.

ಸಾರಂಗ ಅಂದರೆ ಈಗಿನವರಿಗೆ ಗೊತ್ತಿಲ್ಲ.
ಮೊದಲು ಹೊಲಿಗೆ ಯಂತ್ರ ಮಾಡುತ್ತಿದ್ದರು, ಆಮೇಲೆ ಬಾವಿಯ ಪಂಪು.
ಆ ಪಂಪು ಆನಗೋಡಿನ ಕಡೆ ಇನ್ನೂ ನೀರೆತ್ತುತ್ತದೆ,
ಸುಳ್ಳು ಹೇಳಲಾರೆ.
ಕಾರಿನ ಹುಚ್ಚು ಹಿಡಿದದ್ದು ಮಗನ ಕಾಲಕ್ಕೆ.
ಹಾರುವ ಜಿಂಕೆಯ ಬಿಲ್ಲೆ,
ಮುಂಗಡ ಕಟ್ಟಿದವರಿಗೆ ಒಂದು ರಸೀದಿ,
ರಸೀದಿ ಹಿಡಿದು ಆರು ವರ್ಷ.
ಕಣಕುಪ್ಪಿ ಚನ್ನವೀರಪ್ಪನವರು ಅದಕ್ಕೆ ಕಟ್ಟು ಹಾಕಿಸಿ
ಹತ್ತಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ
ದೇವರ ಪಕ್ಕ ತೂಗುಬಿಟ್ಟಿದ್ದರು.

ಕಾರು ಬಂತು. ಮೊಸರನ್ನದ ಬಣ್ಣ.
ಕುಂಬಳಕಾಯಿ ಒಡೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು
ಚಾವಿ ತಿರುವಿದರೆ
ಒಂದು ಗೊರಕೆ. ನಿಂಬೆಹಣ್ಣು ಇದ್ದ ಹಾಗೇ ಇತ್ತು.
ಮಂಡಿಪೇಟೆಯ ಹಮಾಲರು ಹತ್ತು ಜನ ನೂಕಿದರು.
ಹಣ್ಣು ಒಡೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು,
ಚನ್ನವೀರಪ್ಪನವರೂ.
ಸಂಜೆಗೆ ಬಂದು ಮೊದಲ ಪುಸ್ತಕದ ಮೊದಲ ಪುಟ
ತಮ್ಮ ಕೈಯಾರೆ ತುಂಬಿಸಿ ಹೋದರು.

ಮೂರನೇ ಪುಸ್ತಕದಲ್ಲಿ ಮಂಡಕ್ಕಿ ಭಟ್ಟಿಯ ದಾದಾಪೀರ್.
ಕಿಟಕಿ ಇಳಿಸುವ ಹಿಡಿ ಕೈಗೇ ಕಿತ್ತು ಬಂದಿತ್ತು.
ಅದನ್ನು ಕಾಗದದಲ್ಲಿ ಸುತ್ತಿ ತಂದ, ಬಿದ್ದ ಹಲ್ಲು ತಂದವರ ಹಾಗೆ.
"ಸಾರ ಇಲ್ಲ, ಬರೇ ರಂಗು ಐತ್ರಿ ಇದರಾಗ,
ಇದನ್ನೂ ಬರಕೊಳ್ರಿ."
ಬರೆದುಕೊಳ್ಳಲಿಲ್ಲ. ಆದರೆ ಊರೆಲ್ಲ ಆಡಿಕೊಂಡಿತು.

ಐದರಲ್ಲಿ, ಹೆರಿಗೆ ಡಾಕ್ಟರ್ ಶಶಿಪ್ರಭಾ.
"ಹರಿಹರದ ಸೇತುವೆ ಮೇಲೆ ಕಾದು ನಿಂತುಬಿಟ್ಟಿತು.
ಕೆಳಗೆ ಹೊಳೆ ತುಂಬ ನೀರು, ಕೊಡ ಇಲ್ಲ.
ನಾನು ಮುಟ್ಟುವ ಮೊದಲೇ ಕೂಸು ಮುಟ್ಟಿತ್ತು.
ತಾಯಿ ಉಳಿದದ್ದು ಅವರ ಅತ್ತೆಯ ಪುಣ್ಯ.
ಇದನ್ನು ಹೇಗೆ ಬರೀತೀರಿ?"

ನಾನು ಬರೆದೆ: ರೇಡಿಯೇಟರ್.

ಎಲ್ಲದಕ್ಕೂ ಒಂದೇ ಉತ್ತರ ಬರುತ್ತಿತ್ತು,
ತಮ್ಮ ಪತ್ರ ತಲುಪಿತು, ತಂತ್ರಜ್ಞರು ಗಮನಿಸುತ್ತಿದ್ದಾರೆ.
ಬದಲಾಗುತ್ತಿದ್ದದ್ದು ಕಾಗದದ ಮೇಲಿನ ಜಿಂಕೆ:
ಮೊದಲು ನಾಲ್ಕು ಕಾಲು, ಆಮೇಲೆ ಬರೀ ಕೋಡು,
ಕೊನೆಗೆ ಎರಡು ಗೆರೆ, ಪಕ್ಕದಲ್ಲಿ
ನಮ್ಮ ಮಾಲೀಕರ ಬಾಯಿಗೆ ಹೊರಳದ ಜಪಾನಿನ ಹೆಸರು.
ಡೀಲಕ್ಸ್ ಬಂತು, ಹಳೇ ಮೈಗೆ ಹೊಸ ಮೂಗುತಿ.
ಜನ ಮತ್ತೆ ಮುಂಗಡ ಕಟ್ಟಿದರು.
ಚನ್ನವೀರಪ್ಪನವರು ಎಲ್ಲರಿಗಿಂತ ಮೊದಲು.
ಯಾಕೆ ಎಂದು ಕೇಳಿದ್ದಕ್ಕೆ
"ಬೈದು ರೂಢಿ ಆಗೇತಪ್ಪ" ಅಂದರು.

ನಾನೂ ಕೊಂಡೆ. ನೌಕರರ ದರ, ಪಗಾರದಲ್ಲಿ ಮುರಿದುಕೊಂಡರು.
ಎಡ ಬಾಗಿಲಲ್ಲಿ ಮೊದಲ ದಿನದಿಂದ ಒಂದು ಸದ್ದು,
ಡಬ್ಬಿಯಲ್ಲಿ ಹುಣಸೆ ಬೀಜ ಅಲುಗಿದ ಹಾಗೆ.
ನನ್ನ ದೂರು ನಾನೇ ಬರೆದುಕೊಳ್ಳಲು ನಾಚಿಕೆ,
ರೇಡಿಯೋ ಜೋರು ಮಾಡಿಕೊಂಡು ಓಡಿಸಿದೆ.

ಕಂಪನಿ ಮುಚ್ಚಿತು. ಶೋರೂಮಿನಲ್ಲಿ ಈಗ ಸೋಫಾ ಮಾರುತ್ತಾರೆ.
ಕಳೆದ ಶುಕ್ರವಾರ, ಗುಜರಿಗೆ ಹಾಕುವ ಮುಂಚೆ
ಆ ಸದ್ದು ಏನೆಂದಾದರೂ ನೋಡೋಣ ಅಂತ
ಇಮಾಮ್ ಮೇಸ್ತ್ರಿಯ ಹತ್ತಿರ ಬಾಗಿಲು ಬಿಚ್ಚಿಸಿದೆ.
ರಟ್ಟು ಕಳಚಿದ. ಒಳಗೆ ಬಣ್ಣ ಕಾಣದ ತಗಡು.
ತಗಡಿನ ಮೇಲೆ ನೀಲಿ ಪೆನ್ಸಿಲಿನಲ್ಲಿ
ದುಂಡಗಿನ ಹಿಂದಿ ಅಕ್ಷರ:
ಫಿರ್ ಸೇ ದೇಖೋ.
ಕೆಳಗೆ ತಾರೀಖು, ಒಂದು ಪುಟ್ಟ ಸಹಿ.

ಮತ್ತೊಮ್ಮೆ ನೋಡಿ.
ಯಾರೋ ನೋಡಿದ್ದ, ನಾವು ಯಾರೂ ನೋಡುವ ಮೊದಲೇ.
ಅವನು ಬರೆದದ್ದರ ಮೇಲೆ ರಟ್ಟು ಹೊಡೆದು
ದಾವಣಗೆರೆಗೆ ಕಳಿಸಿದ್ದರು.
ಹದಿನೇಳು ಪುಸ್ತಕ ಬರೆದೆ,
ಮೊದಲ ದೂರು ಅದರಲ್ಲಿ ಇಲ್ಲ.

"ಮುಚ್ಚಲೇನ್ರಿ?" ಅಂದ ಇಮಾಮ್.
"ಸದ್ದು?"
"ಸಿಗಲಿಲ್ರಿ. ಅದು ಹಂಗೇ ಐತಿ."